ಮಗುವಿನೊಂದಿಗೆ ಬುಷ್‌ನಲ್ಲಿ ಮೊದಲ ರಾತ್ರಿ

ಆಸ್ಟ್ರೇಲಿಯಾದಲ್ಲಿ ನೆಲೆಸಿರುವ ಕನ್ನಡದ ಮನೆಗಳಲ್ಲಿ ಮಗುವಿಗೆ ಮೂರೋ ನಾಲ್ಕೋ ವರ್ಷ ತುಂಬುತ್ತಿದ್ದಂತೆ ಕ್ಯಾಂಪಿಂಗ್ ಮಾತು ಏಳುತ್ತದೆ. ಅಪ್ಪ ಅಮ್ಮ ಕೂತು ಪಟ್ಟಿ ಮಾಡುತ್ತಾರೆ: ಯಾವ ಜಲಪಾತ, ಎಷ್ಟು ದೂರದ ನಡಿಗೆ, ಏನೇನು ಆಟ. ಅದೆಲ್ಲ ಹಗಲಿನ ಪಟ್ಟಿ. ಹಗಲು ಹೇಗೋ ಸಾಗುತ್ತದೆ. ಒಂದು ಕೋಲು, ನಾಲ್ಕು ಕಲ್ಲು, ಒಂದು ಇರುವೆ ಸಾಲು ಸಿಕ್ಕರೆ ಆ ವಯಸ್ಸಿಗೆ ಬೇರೇನೂ ಬೇಡ. ಕೆಡುವುದು ಕತ್ತಲಾದ ಮೇಲೆ. ಹಾಗಾಗಿ ಮೊದಲು ರಾತ್ರಿ ಹೇಗೆ ಕಳೆಯಬೇಕೆಂದು ಯೋಚಿಸಿ, ಅದಕ್ಕೆ ಹೊಂದುವಂತೆ ಉಳಿದದ್ದನ್ನು ಜೋಡಿಸಿಕೊಳ್ಳಿ.

ಮೊದಲ ಸಲಕ್ಕೆ ಒಂದೇ ರಾತ್ರಿ ಸಾಕು. ಜಾಗ ಮನೆಯಿಂದ ಒಂದೂವರೆ ಗಂಟೆಯೊಳಗಿರಲಿ, ಕಾರು ಟೆಂಟಿನ ಹತ್ತಿರವೇ ನಿಲ್ಲುವಂತಿರಲಿ. ಸಿಡ್ನಿಯ ಪಶ್ಚಿಮದ ಬಡಾವಣೆಗಳಲ್ಲಿ ಇರುವವರಿಗೆ ಬ್ಲೂ ಮೌಂಟನ್ಸ್ ರಾಷ್ಟ್ರೀಯ ಉದ್ಯಾನದ ಗ್ಲೆನ್‌ಬ್ರೂಕ್ ಕಡೆಯಿರುವ ಯುರೋಕಾ ಒಳ್ಳೆಯ ಆಯ್ಕೆ. ಸುತ್ತ ಕಾಡು, ನಡುವೆ ಹುಲ್ಲಿನ ಬಯಲು, ಸಂಜೆಗೆ ಮೇಯಲು ಬರುವ ಬೂದು ಕಾಂಗರೂಗಳು. ಗುಂಡಿ ಶೌಚಾಲಯವಿದೆ, ಕುಡಿಯುವ ನೀರಿಲ್ಲ. ಮುಂಗಡ ಬುಕಿಂಗ್ ಮಾಡಿಕೊಂಡೇ ಹೋಗಬೇಕು. ಜೋರು ಮಳೆ ಬಿದ್ದರೆ ದಾರಿಯಲ್ಲಿ ಹಳ್ಳ ದಾಟುವ ಕಡೆ ರಸ್ತೆ ಮುಚ್ಚುತ್ತಾರೆ, ಆದ್ದರಿಂದ ಹೊರಡುವ ಬೆಳಿಗ್ಗೆಯೂ ಉದ್ಯಾನದ ಪ್ರಕಟಣೆಗಳನ್ನು ನೋಡಿ. ಇನ್ನೊಂದು ಮುಖ್ಯ ಮಾತು: ಉದ್ಯಾನದ ಗೇಟಿಗೆ ಸಂಜೆಯಾದರೆ ಬೀಗ ಬೀಳುತ್ತದೆ. ‘ಸರಿಹೋಗದಿದ್ದರೆ ಮನೆಗೆ ಬಂದುಬಿಡೋಣ’ ಎಂದುಕೊಂಡಿದ್ದರೆ ಆ ತೀರ್ಮಾನ ಗೇಟು ಮುಚ್ಚುವ ಮೊದಲೇ ಆಗಬೇಕು. ಎಲ್ಲಿಗೇ ಹೋಗಿ, ಬುಕ್ ಮಾಡುವ ಮುನ್ನ ಗೇಟಿನ ಸಮಯ ತಿಳಿದುಕೊಳ್ಳಿ. ಕಡಿದಾದ ಕಣಿವೆ ಇಳಿದು ಹೋಗಬೇಕಾದ ಅಕೇಶಿಯಾ ಫ್ಲ್ಯಾಟ್‌ನಂಥ ಅಪ್ಪಟ ಬುಷ್ ಜಾಗಗಳನ್ನು ಮಗು ತನ್ನ ಚೀಲ ತಾನೇ ಹೊರುವ ವಯಸ್ಸಿಗೆ ಬಿಡಿ.

ಕಾಲದ ಆಯ್ಕೆಯಲ್ಲೂ ರಾತ್ರಿಯೇ ಮುಖ್ಯ. ಏಪ್ರಿಲ್‌ನ ಮೊದಲ ಭಾನುವಾರ ಡೇಲೈಟ್ ಸೇವಿಂಗ್ ಮುಗಿಯುತ್ತದೆ; ಆಮೇಲೆ ಸಿಡ್ನಿಯಲ್ಲಿ ಸಂಜೆ ಆರಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ. ಏಳೂವರೆಗೆ ಮಲಗುವ ಮಗು ಒಂದೂವರೆ ಗಂಟೆ ಕತ್ತಲಲ್ಲಿ ಎಚ್ಚರವಿರುತ್ತದೆ. ಆ ಹೊತ್ತಿಗೆ ಊಟ, ಟಾರ್ಚ್ ಹಿಡಿದು ಒಂದು ಸುತ್ತು, ನಕ್ಷತ್ರ ನೋಡುವುದು, ಕಥೆ ಎಂದು ಮೊದಲೇ ಇಟ್ಟುಕೊಂಡರೆ ಕತ್ತಲೆಗೆ ತಾನಾಗಿ ಹೊಂದಿಕೊಳ್ಳುತ್ತದೆ. ಅಕ್ಟೋಬರ್‌ನಲ್ಲಿ ಇದು ತಿರುಗುಮುರುಗು: ಏಳರ ತನಕ ಬೆಳಕು, ಮಗು ಟೆಂಟಿನೊಳಗೆ ಬರಲೊಲ್ಲದು. ಮಗುವಿನ ಮೊದಲ ಪ್ರವಾಸಕ್ಕೆ ನನಗೆ ಏಪ್ರಿಲ್ ಮೆಚ್ಚು. ಬೇಸಿಗೆಯ ಉರಿ ಇಳಿದಿರುತ್ತದೆ, ಚಳಿಗಾಲದ ಕೊರೆತ ಇನ್ನೂ ಬಂದಿರುವುದಿಲ್ಲ.

ಬೆಂಕಿಯ ವಿಚಾರದಲ್ಲಿ ರಿಯಾಯಿತಿಯೇ ಇಲ್ಲ. ನ್ಯೂ ಸೌತ್ ವೇಲ್ಸ್‌ನಲ್ಲಿ ಕಾಡ್ಗಿಚ್ಚಿನ ಅವಧಿ ಸಾಮಾನ್ಯವಾಗಿ ಅಕ್ಟೋಬರ್ 1ರಿಂದ ಮಾರ್ಚ್ 31ರವರೆಗೆ. 2022ರಿಂದ ಕಾಡ್ಗಿಚ್ಚಿನ ಅಪಾಯಕ್ಕೆ ಇಡೀ ದೇಶದಲ್ಲಿ ಒಂದೇ ಬಗೆಯ ಸೂಚನೆಯಿದೆ: ಮಾಡರೇಟ್, ಹೈ, ಎಕ್ಸ್‌ಟ್ರೀಮ್, ಕೆಟಾಸ್ಟ್ರಾಫಿಕ್ ಎಂಬ ನಾಲ್ಕು ಹಂತ. ಎಕ್ಸ್‌ಟ್ರೀಮ್ ಎಂದಿದ್ದರೆ ಹೊರಡಲೇಬೇಡಿ. ಹೈ ಎಂದಿದ್ದರೂ ಚಿಕ್ಕ ಮಗುವನ್ನು ಕರೆದುಕೊಂಡು ನಾನು ಹೋಗುವುದಿಲ್ಲ. ಉದ್ಯಾನದಲ್ಲಿ ಸೌದೆ ಆರಿಸುವಂತಿಲ್ಲ. ಬೆಂಕಿ ಹಾಕಲು ಅವಕಾಶವಿರುವ ಕಡೆ ಹಾಕಿದರೆ ಆರಿಸುವಾಗ ನೀರನ್ನೇ ಸುರಿಯಿರಿ. ಮಣ್ಣೋ ಮರಳೋ ಮುಚ್ಚಿದರೆ ಕೆಂಡ ಒಳಗೆ ಗಂಟೆಗಟ್ಟಲೆ ಬಿಸಿಯಾಗಿಯೇ ಉಳಿಯುತ್ತದೆ, ಮೇಲೆ ಏನೂ ಕಾಣುವುದಿಲ್ಲ. ಮರುದಿನ ಬೆಳಿಗ್ಗೆ ಬರಿಗಾಲಲ್ಲಿ ಓಡಿಬರುವ ಮಕ್ಕಳು ಪಾದ ಸುಟ್ಟುಕೊಳ್ಳುವುದು ಹೀಗೆಯೇ.

ಮಧ್ಯಾಹ್ನ ಎರಡು, ಮೂರರೊಳಗೆ ಜಾಗ ಸೇರಿ. ಟೆಂಟ್ ಹಾಕುವ ಮೊದಲು ತಲೆಯೆತ್ತಿ ನೋಡಿ. ನೀಲಗಿರಿ ಜಾತಿಯ ದೊಡ್ಡ ಮರಗಳು ಗಾಳಿಯಿಲ್ಲದ ದಿನವೂ ಇದ್ದಕ್ಕಿದ್ದಂತೆ ಕೊಂಬೆ ಉದುರಿಸುತ್ತವೆ, ಆದ್ದರಿಂದ ನೆರಳು ಎಷ್ಟೇ ಚೆನ್ನಾಗಿರಲಿ ಅವುಗಳ ಕೆಳಗೆ ಮಲಗಬಾರದು. ಗೂಟಗಳನ್ನು ಎಣಿಸಿ ಕೈಗೆ ಕೊಡುವ ಕೆಲಸ ಮಗುವಿನದಾಗಲಿ. ತಾನೂ ಸೇರಿ ಕಟ್ಟಿದ ಮನೆಯೊಳಗೆ ಮಲಗಲು ಅದಕ್ಕೆ ಭಯ ಕಡಿಮೆ. ಒಂದು ವಾರ ಮೊದಲೇ ಹಿತ್ತಲಲ್ಲಿ, ಹಿತ್ತಲಿಲ್ಲದಿದ್ದರೆ ಹಾಲ್‌ನಲ್ಲಿ, ಅದೇ ಟೆಂಟಿನಲ್ಲಿ ಒಂದು ರಾತ್ರಿ ಮಲಗಿ ನೋಡಿ. ಜಿಪ್ಪಿನ ಸದ್ದು, ಬಟ್ಟೆಯ ಗೋಡೆ, ಒಳಗಿನ ವಾಸನೆ ಎಲ್ಲವೂ ಆಗಲೇ ಪರಿಚಯವಾಗಿರುತ್ತದೆ.

ಚಳಿ ಹೆಚ್ಚಾಗಿ ಕೆಳಗಿನಿಂದ ಬರುತ್ತದೆ. ಮೇಲೆ ಎರಡು ರಗ್ಗು ಹೊದಿಸಿ ಕೆಳಗೆ ತೆಳು ಚಾಪೆ ಹಾಸಿದರೆ ನೆಲ ಮೈಯ ಬಿಸಿಯನ್ನೆಲ್ಲ ಎಳೆದುಕೊಳ್ಳುತ್ತದೆ. ದುಡ್ಡು ಹಾಕುವುದಿದ್ದರೆ ಮೊದಲು ದಪ್ಪ ಮಲಗುವ ಮ್ಯಾಟ್‌ಗೆ ಹಾಕಿ. ಮಲಗುವಾಗ ಒಣ ಬಟ್ಟೆ, ಒಣ ಸಾಕ್ಸ್, ಉಣ್ಣೆಯ ಟೋಪಿ ಹಾಕಿಸಿ. ಹಗಲು ಬೆವರಿದ ಬಟ್ಟೆ ಬೇಡ. ಮನೆಯ ದಿಂಬು, ದಿನಾ ಓದುವ ಪುಸ್ತಕ, ಅಪ್ಪಿಕೊಳ್ಳುವ ಗೊಂಬೆ ಬರಲಿ. ಬೆಚ್ಚಗಾಗಲೆಂದು ಇದ್ದಿಲಿನ ಒಲೆಯನ್ನಾಗಲಿ ಗ್ಯಾಸ್ ಹೀಟರನ್ನಾಗಲಿ ಟೆಂಟಿನೊಳಗೆ ತರಲೇಬಾರದು. ಅದರ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ನಿದ್ದೆಯಲ್ಲೇ ಪ್ರಾಣ ತೆಗೆಯುತ್ತದೆ. ನಡುರಾತ್ರಿಯ ಮೂತ್ರಕ್ಕೆ ಟೆಂಟಿನ ಬಾಗಿಲಲ್ಲೇ ಪಾಟಿ ಇಡಿ. ಕತ್ತಲಲ್ಲಿ ಶೌಚಾಲಯದವರೆಗೆ ನಡೆಸಿದರೆ ನಿದ್ದೆ ಪೂರ್ತಿ ಹಾರಿಹೋಗುತ್ತದೆ. ರಾತ್ರಿ ಪಾಸಮ್ ಎಂಬ ಪ್ರಾಣಿಗಳು ಕೆಮ್ಮಿದಂತೆ, ಗೊರಕೆ ಹೊಡೆದಂತೆ ಕೂಗುತ್ತವೆ. ಆ ಕೂಗನ್ನು ಮನೆಯಲ್ಲೇ ಫೋನಿನಲ್ಲಿ ಕೇಳಿಸಿಟ್ಟರೆ ರಾತ್ರಿ ಮಗು ಬೆಚ್ಚಿಬೀಳದೆ ‘ಅಪ್ಪಾ, ಪಾಸಮ್ಮು’ ಎನ್ನುತ್ತದೆ.

ಊಟದ ವಿಷಯದಲ್ಲಿ ನಮ್ಮ ಅಡುಗೆಮನೆ ಕೈಹಿಡಿಯುತ್ತದೆ. ರವೆಯನ್ನು ಘಮ್ಮೆನ್ನುವಂತೆ ಹುರಿದು, ಸಾಸಿವೆ, ಕಡಲೆಬೇಳೆ, ಕರಿಬೇವಿನ ಒಗ್ಗರಣೆ ಬೆರೆಸಿ, ಉಪ್ಪು ಹಾಕಿ, ಆರಿದ ಮೇಲೆ ಡಬ್ಬಿಗೆ ತುಂಬಿ. ಅಲ್ಲಿ ಒಂದು ಲೋಟಕ್ಕೆ ಎರಡೂವರೆ ಲೋಟ ಕುದಿಯುವ ನೀರು ಹಾಕಿ ಮುಚ್ಚಿಟ್ಟರೆ ಬೆಳಗಿನ ಉಪ್ಪಿಟ್ಟು ಸಿದ್ಧ. ರಾತ್ರಿಗೆ ಚಪಾತಿ, ಚಟ್ನಿಪುಡಿ, ತುಪ್ಪ. ಒಲೆ ಹಚ್ಚುವಂತಿಲ್ಲ ಎಂದಾದರೆ ನೆನೆಸಿದ ಅವಲಕ್ಕಿಯೋ ಹುರಿಹಿಟ್ಟೋ ಇದ್ದೇ ಇದೆ. ಚಿತ್ರಾನ್ನ, ಮೊಸರನ್ನ ಒಯ್ಯುವುದಾದರೆ ಅನ್ನವನ್ನು ಬೇಗ ಆರಿಸಿ ಫ್ರಿಜ್ಜಿನಲ್ಲಿ ತಣ್ಣಗೆ ಮಾಡಿ ಎಸ್ಕಿಯಲ್ಲಿ (ತಂಪು ಪೆಟ್ಟಿಗೆ) ಮಂಜುಗಡ್ಡೆಯ ನಡುವೆ ಇಡಿ. ಬೆಚ್ಚಗೆ ಡಬ್ಬಿಯಲ್ಲಿ ಕೂತ ಅನ್ನದಲ್ಲಿ ಬೆಳೆಯುವ ಬ್ಯಾಕ್ಟೀರಿಯಾದ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ನೀರಿನ ಬಾಟಲಿಗಳನ್ನೇ ಹೆಪ್ಪುಗಟ್ಟಿಸಿ ಒಯ್ದರೆ ಮಂಜುಗಡ್ಡೆಯೂ ಆಯಿತು, ಕುಡಿಯಲು ನೀರೂ ಆಯಿತು. ಅಡುಗೆ, ತೊಳೆಯುವುದು ಎಲ್ಲ ಸೇರಿ ಒಬ್ಬೊಬ್ಬರಿಗೆ ದಿನಕ್ಕೆ ಐದು ಲೀಟರ್‌ನಂತೆ ಹಿಡಿಯಿರಿ. ಕತ್ತಲಾಗುವ ಮೊದಲು ತಿಂಡಿಯೆಲ್ಲ ಕಾರಿನೊಳಗೆ ಹೋಗಲಿ, ಬಿಸ್ಕತ್ತಿನ ಚೂರೂ ಟೆಂಟಿನಲ್ಲಿ ಉಳಿಯದಿರಲಿ.

ಹಾವಿನ ಭಯ ಎಲ್ಲರಿಗೂ ಇದೆ, ಆದರೆ ಅದು ಮನೆಯಲ್ಲೇ ಕೂರುವಷ್ಟು ದೊಡ್ಡದಲ್ಲ. ಮುಚ್ಚಿದ ಶೂ, ರಾತ್ರಿ ಟಾರ್ಚ್, ಟೆಂಟಿನ ಜಿಪ್ಪು ಸದಾ ಹಾಕಿರುವುದು, ಬೆಳಿಗ್ಗೆ ಶೂ ಕೊಡವುವುದು, ಇವಿಷ್ಟು ಅಭ್ಯಾಸವಾಗಲಿ. ಅಗಲವಾದ ಎರಡು ಎಲಾಸ್ಟಿಕ್ ಬ್ಯಾಂಡೇಜ್ ಜೊತೆಗಿರಲಿ. ಕಚ್ಚಿದರೆ ಗಾಯ ತೊಳೆಯಬೇಡಿ, ಕೊಯ್ಯಬೇಡಿ, ಹಗ್ಗ ಬಿಗಿಯಬೇಡಿ. ಕಚ್ಚಿದ ಜಾಗದ ಮೇಲೆ ಬಿಗಿಯಾಗಿ ಸುತ್ತಿ, ಬಳಿಕ ಬೆರಳಿನ ಕಡೆಯಿಂದ ಮೇಲಕ್ಕೆ ಇಡೀ ಕೈಗೋ ಕಾಲಿಗೋ ಸುತ್ತಿ, ಕೋಲು ಕಟ್ಟಿ, ಮಗುವನ್ನು ಅಲ್ಲಾಡಿಸದೆ ಮಲಗಿಸಿ ತುರ್ತು ಸಂಖ್ಯೆ 000ಗೆ ಕರೆ ಮಾಡಿ. 1970ರ ದಶಕದ ಕೊನೆಯಲ್ಲಿ ಮೆಲ್ಬರ್ನ್‌ನ ಸ್ಟ್ರುವಾನ್ ಸದರ್‌ಲ್ಯಾಂಡ್ ರೂಪಿಸಿದ ಈ ವಿಧಾನವನ್ನು ಹೊರಡುವ ಮುನ್ನ ಒಬ್ಬರ ಕಾಲಿನ ಮೇಲೊಬ್ಬರು ಅಭ್ಯಾಸ ಮಾಡಿಕೊಳ್ಳಿ.

ಕಣಿವೆಗಳಲ್ಲಿ ಮೊಬೈಲ್ ಸಿಗ್ನಲ್ ನಂಬುವಂತಿಲ್ಲ. ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಮರಳುತ್ತೀರಿ ಎಂದು ಸ್ನೇಹಿತರಿಗೆ ಬರೆದುಕೊಡಿ. ಮಗುವಿನ ಕುತ್ತಿಗೆಗೆ ಸೀಟಿ ಹಾಕಿ, ದಾರಿ ತಪ್ಪಿದರೆ ಒಂದು ಮರದ ಬಳಿ ನಿಂತು ಊದುವುದನ್ನು ಆಟವಾಗಿ ಕಲಿಸಿ. ಹುಡುಕಲು ಹೋಗುವುದು ದೊಡ್ಡವರ ಕೆಲಸ, ನಿಂತಲ್ಲೇ ನಿಲ್ಲುವುದು ನಿನ್ನ ಕೆಲಸ ಎಂದರೆ ಮಕ್ಕಳಿಗೆ ಚೆನ್ನಾಗಿ ಅರ್ಥವಾಗುತ್ತದೆ.

ಮನೆಗೆ ಬಂದ ಕೂಡಲೇ ಸ್ನಾನ ಮಾಡಿಸುತ್ತಾ ಕೂದಲ ಬುಡ, ಕಿವಿಯ ಹಿಂದೆ, ಕಂಕುಳು, ತೊಡೆಯ ಸಂದಿನಲ್ಲಿ ಉಣುಗು (ಟಿಕ್) ಕಚ್ಚಿಕೊಂಡಿದೆಯೇ ನೋಡಿ. ಪೂರ್ವ ಕರಾವಳಿಯ ಉಣುಗುಗಳಲ್ಲಿ ಪಾರ್ಶ್ವವಾಯು ತರುವ ಜಾತಿಯೂ ಇದೆ. ಕಂಡರೆ ಹಿಂಡಿ ಎಳೆಯಬೇಡಿ. ಔಷಧದಂಗಡಿಯಲ್ಲಿ ಸಿಗುವ, ಉಣುಗನ್ನು ಹೆಪ್ಪುಗಟ್ಟಿಸುವ ಸ್ಪ್ರೇ ಹೊಡೆದು ತಾನಾಗಿ ಉದುರಲು ಬಿಡಿ. ಟೆಂಟನ್ನು ಅದೇ ದಿನ ಬಿಸಿಲಿಗೆ ಹರಡಿ, ಪೂರ್ತಿ ಒಣಗಿದ ಮೇಲಷ್ಟೇ ಮಡಿಸಿಡಿ.