ರಸ್ತೆಗಿಳಿದವರು ಸಾರ್ವಜನಿಕರಲ್ಲವೇ?

ಪ್ಲಾಸ್ಟಿಕ್ ಕವರಿನೊಳಗೆ ರೇಷನ್ ಕಾರ್ಡು, ಮಗಳ ಮಾರ್ಕ್ಸ್ ಕಾರ್ಡು, ಬಿಟ್ಟುಬಂದ ಕಾರ್ಖಾನೆಯ ಗುರುತಿನ ಚೀಟಿ. ಅವುಗಳ ನಡುವೆ ನಾಲ್ಕಾಗಿ ಮಡಚಿಟ್ಟ ಪತ್ರಿಕೆಯ ಒಂದು ತುಣುಕು. ಮಡಿಕೆ ಬಿದ್ದಲ್ಲೆಲ್ಲ ಅಕ್ಷರ ಮಾಸಿವೆ. ಬೊಮ್ಮನಹಳ್ಳಿಯ ಒಂದೇ ಕೋಣೆಯ ಮನೆಯಲ್ಲಿ ಅದನ್ನು ಹುಷಾರಾಗಿ ಬಿಡಿಸಿದ ಆ ಅಕ್ಕ, ಚಿತ್ರದ ನೂರಾರು ತಲೆಗಳಲ್ಲಿ ಒಂದರ ಮೇಲೆ ಬೆರಳಿಟ್ಟರು. "ಇದು ನಾನೇ, ಸರ್. ಪಕ್ಕದಲ್ಲಿರೋಳು ನಮ್ ಲೈನಿನ ಹೆಲ್ಪರ್."

ಚಿತ್ರದ ಕೆಳಗಿನ ಸಾಲಿನಲ್ಲಿ ಅವರ ಸುದ್ದಿಯೇ ಇರಲಿಲ್ಲ. ಸಂಚಾರ ಅಸ್ತವ್ಯಸ್ತಗೊಂಡು ವಾಹನ ಸವಾರರು ಪರದಾಡಿದರು ಎಂದಷ್ಟೇ ಇತ್ತು.

ಅದು 2016ರ ಏಪ್ರಿಲ್ ಮೂರನೇ ವಾರ. 18 ಮತ್ತು 19ರಂದು ಬೆಂಗಳೂರಿನ ಗಾರ್ಮೆಂಟ್ಸ್ ಕೆಲಸಗಾರರು, ಅವರಲ್ಲಿ ಬಹುಪಾಲು ಹೆಂಗಸರು, ಮಿಷನ್ ಬಿಟ್ಟೆದ್ದು ಹೊಸೂರು ರಸ್ತೆಗೆ ಬಂದರು. ಎರಡನೇ ದಿನ ಪ್ರತಿಭಟನೆ ತುಮಕೂರು ರಸ್ತೆಯ ಕಡೆಗೂ ಹಬ್ಬಿತು. ಮುಂದೆ ನಿಂತು ಕರೆತಂದ ನಾಯಕರಿರಲಿಲ್ಲ, ಸಂಘಗಳ ಕರೆಯೂ ಇರಲಿಲ್ಲ. ಕೇಂದ್ರ ಸರ್ಕಾರ ಆ ಫೆಬ್ರುವರಿಯಲ್ಲಿ ಪಿ.ಎಫ್. (ಭವಿಷ್ಯ ನಿಧಿ) ನಿಯಮ ಬದಲಿಸಿತ್ತು. ಕೆಲಸ ಬಿಟ್ಟಾಗ ತಮ್ಮ ಪಾಲು ಮಾತ್ರ ತೆಗೆಯಬಹುದು, ಮಾಲೀಕರ ಪಾಲು ಸಿಗಬೇಕಾದರೆ 58 ವರ್ಷ ತುಂಬಬೇಕು ಎಂಬುದು ಬದಲಾವಣೆಯ ಸಾರ.

ತಿಂಗಳ ಸಂಬಳವನ್ನೇ ನೆಚ್ಚಿಕೊಂಡು ನಿವೃತ್ತಿಯವರೆಗೆ ಕುರ್ಚಿ ಕಾಯಬಲ್ಲವರಿಗೆ ಇದು ಸಣ್ಣ ವಿಷಯವಾಗಿ ಕಂಡೀತು. ಗಾರ್ಮೆಂಟ್ಸ್‌ನಲ್ಲಿ 58ರವರೆಗೆ ಹೊಲಿಯುವವರನ್ನು ಹುಡುಕಿ ನೋಡಿ. ನಲವತ್ತು ದಾಟುತ್ತಿದ್ದಂತೆ ಕಣ್ಣು ಮಂಜು, ಸೊಂಟ ಹಿಡಿತ. ಗಂಟೆಗಿಷ್ಟು ಪೀಸು ಎಂಬ ಟಾರ್ಗೆಟ್ ಮುಟ್ಟದಿದ್ದರೆ ಸೂಪರ್‌ವೈಸರ್ ಬೈಗುಳ. ಗ್ರಾಚ್ಯುಟಿಗೆ ಒಂದೇ ಕಡೆ ಐದು ವರ್ಷ ದುಡಿದಿರಬೇಕು. ಹೆರಿಗೆ, ಊರು, ಮಕ್ಕಳ ಕಾಯಿಲೆ ಎಂದು ನಡುವೆ ಬಿಟ್ಟವರಿಗೆ ಅದೂ ಇಲ್ಲ. ಕೆಲಸ ಬಿಟ್ಟ ಮೇಲೆ ಕೈಗೆ ಬರುವ ಇಡುಗಂಟು ಎಂದರೆ ಪಿ.ಎಫ್. ಒಂದೇ. ಬಡ್ಡಿಗೆ ತಂದ ಸಾಲ ತೀರುವುದು, ಮಕ್ಕಳ ಕಾಲೇಜಿಗೆ ಫೀಸು ಕಟ್ಟುವುದು ಅದರಲ್ಲೇ. "ನಮ್ ದುಡ್ಡು ನಮ್ಗೆ ಕೊಡಕ್ಕೆ ಐವತ್ತೆಂಟು ಆಗ್ಬೇಕಂತೆ. ಅಷ್ಟೊತ್ಗೆ ನಾವು ಇರ್ತೀವೋ ಇಲ್ವೋ" ಎಂದು ಅಕ್ಕ ಹೇಳುವಾಗ, ಇಷ್ಟು ವರ್ಷವಾದರೂ ದನಿಯಲ್ಲಿ ಅದೇ ಕಾವು.

19ರಂದು ಬಸ್ಸುಗಳಿಗೆ ಬೆಂಕಿ ಬಿತ್ತು, ಹೆಬ್ಬಗೋಡಿ ಠಾಣೆಯ ಬಳಿ ವಾಹನಗಳು ಉರಿದವು. ಪೊಲೀಸರು ಲಾಠಿ ಬೀಸಿದರು, ಅಶ್ರುವಾಯು ಸಿಡಿಸಿದರು. ಅದೇ ದಿನ ಆಗಿನ ಕೇಂದ್ರ ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯ ನಿಯಮ ಹಿಂತೆಗೆದುಕೊಂಡಿರುವುದಾಗಿ ಘೋಷಿಸಿದರು. ಎರಡೇ ದಿನದಲ್ಲಿ ಕೇಂದ್ರದ ಆದೇಶವೊಂದನ್ನು, ದೇಶದ ಎಲ್ಲ ನೌಕರರ ಪರವಾಗಿ, ಹೊಲಿಗೆ ಕೆಲಸದ ಹೆಣ್ಣುಮಕ್ಕಳು ವಾಪಸು ತೆಗೆಸಿದರು. ಸಂಬಳ ಪಡೆಯುವ ಮಧ್ಯಮ ವರ್ಗದ ಪಿ.ಎಫ್. ಹಣವೂ ಅವರಿಂದಲೇ ಉಳಿಯಿತು. ಆದರೆ ಆ ಎರಡು ದಿನ ಟಿ.ವಿ.ಯಲ್ಲಿ ನಾನು ಮತ್ತೆ ಮತ್ತೆ ನೋಡಿದ್ದು ಉರಿಯುವ ಬಸ್ಸು, ನಿಂತ ಕಾರುಗಳ ಸಾಲು, ಆಫೀಸಿಗೆ ತಡವಾದವರ ಮಾತು. ಪಿ.ಎಫ್. ಎಂದರೇನು, ಇವರಿಗೆ ಅದು ಏಕೆ ಬೇಕು ಎಂದು ಮೈಕು ಹಿಡಿದು ಕೇಳಿದವರು ಅಪರೂಪ.

"ಸಾರ್ವಜನಿಕರಿಗೆ ತೊಂದರೆ" ಎಂಬ ನುಡಿಗಟ್ಟು ನಮ್ಮ ಸುದ್ದಿಮನೆಗಳಲ್ಲಿ ಕೈಗೆ ಸಿದ್ಧವಾಗಿ ಸಿಗುವಂಥದ್ದು. ವರ್ಷಗಟ್ಟಲೆ ಡೆಸ್ಕಿನಲ್ಲಿ ಕೂತು ನಾನೂ ಅದನ್ನು ಎಷ್ಟೋ ಸಲ ಬರೆದಿದ್ದೇನೆ. ಈಗ ಆ ಮಾತು ನನ್ನನ್ನು ಚುಚ್ಚುತ್ತದೆ. ಕಾರಿನಲ್ಲಿ ಕೂತವರು ಸಾರ್ವಜನಿಕರು; ಆ ಕಾರಿನವರ ಅಂಗಿ ಹೊಲಿದು ರಸ್ತೆಯಲ್ಲಿ ನಿಂತವರು ಪ್ರತಿಭಟನಕಾರರು. ಒಂದೇ ಒಂದು ಪದ ಊರನ್ನು ಎರಡು ಹೋಳು ಮಾಡಿ, ಓದುಗರನ್ನು ಒಂದು ಕಡೆ ಕೂರಿಸಿಬಿಡುತ್ತದೆ. 2017ರ ಮಾರ್ಚ್‌ನಲ್ಲಿ ಗೌರವಧನ ಹೆಚ್ಚಿಸಿ ಎಂದು ಬಂದ ಸಾವಿರಾರು ಅಂಗನವಾಡಿ ಕಾರ್ಯಕರ್ತೆಯರು ಫ್ರೀಡಂ ಪಾರ್ಕ್ ಬಳಿಯ ರಸ್ತೆಯಲ್ಲೇ ರಾತ್ರಿ ಕಳೆದಾಗಲೂ ಮಾತು ಸುತ್ತಿದ್ದು ಟ್ರಾಫಿಕ್ ಸುತ್ತಲೇ. 2021ರ ಕೊನೆಯ ಹೊತ್ತಿಗೆ ಬೆಂಗಳೂರಿನಲ್ಲಿ ಪ್ರತಿಭಟನೆಗೆ ಫ್ರೀಡಂ ಪಾರ್ಕ್ ಬಿಟ್ಟು ಬೇರೆ ಜಾಗವಿಲ್ಲ ಎಂಬ ನಿಯಮವೇ ಬಂತು.

ತೊಂದರೆ ಉಳ್ಳವರ ಮನೆಗೆ ಬಂದಾಗ ಕ್ಯಾಮೆರಾ ಹೇಗೆ ನಡೆದುಕೊಳ್ಳುತ್ತದೆ? 2022ರ ಮಳೆ ನೆನಪಿಸಿಕೊಳ್ಳಿ. ಹೊರ ವರ್ತುಲ ರಸ್ತೆಯ ಕಂಪನಿಗಳ ಸಂಘ, ನೀರು ನಿಂತ ಒಂದೇ ದಿನದ ಟ್ರಾಫಿಕ್‌ನಿಂದ 225 ಕೋಟಿ ರೂಪಾಯಿ ನಷ್ಟವಾಯಿತೆಂದು ಮುಖ್ಯಮಂತ್ರಿಗೆ ಪತ್ರ ಬರೆಯಿತು. ಆ ಅಂಕಿ ಎಲ್ಲ ಕಡೆ ಮೊಳಗಿತು. ವಾರದೊಳಗೆ ವಿಲ್ಲಾಗಳಿಗೆ ನೀರು ನುಗ್ಗಿ, ಐ.ಟಿ. ಉದ್ಯೋಗಿಗಳು ಟ್ರ್ಯಾಕ್ಟರ್ ಹತ್ತಿದ ಚಿತ್ರ ದೇಶವೆಲ್ಲ ನೋಡಿತು. ಅವರ ಕಷ್ಟ ನಿಜವಾದದ್ದೇ, ಅದನ್ನು ತೋರಿಸಿದ್ದೂ ಸರಿಯೇ. ಅದೇ ನೀರು ನುಗ್ಗಿದ ಶೆಡ್ಡುಗಳಲ್ಲಿ ಅಕ್ಕಿ, ಚಾಪೆ, ಆಧಾರ್ ಕಾರ್ಡು ಎಲ್ಲ ನೆನೆದು ಹೋದವರ ಹತ್ತಿರವೂ ಕ್ಯಾಮೆರಾ ಅಷ್ಟೇ ಹೊತ್ತು ನಿಲ್ಲಬೇಕಿತ್ತು.

ಇನ್ನೊಂದು ಲೆಕ್ಕ ನೋಡಿ. 2020ರ ಏಪ್ರಿಲ್‌ನಿಂದ ರಾಜ್ಯದ ಗಾರ್ಮೆಂಟ್ಸ್ ಕೆಲಸಗಾರರಿಗೆ ತಿಂಗಳಿಗೆ 417 ರೂಪಾಯಿ ತುಟ್ಟಿಭತ್ಯೆ ಸೇರಬೇಕಿತ್ತು. ಕಾರ್ಖಾನೆಗಳು ಕೊಡಲಿಲ್ಲ, ಹೈಕೋರ್ಟ್ ಆದೇಶವಾದ ಮೇಲೂ ಹೆಚ್ಚಿನವು ಕೊಡಲಿಲ್ಲ. ಬಾಕಿ ಕೈಸೇರತೊಡಗಿದ್ದು 2022ರಲ್ಲಿ. ಹಣ ಸಿಗದವರು ನಾಲ್ಕು ಲಕ್ಷಕ್ಕೂ ಹೆಚ್ಚು. ಗುಣಿಸಿದರೆ ತಿಂಗಳಿಗೆ ಹದಿನಾರೂವರೆ ಕೋಟಿ ದಾಟುತ್ತದೆ, ಹದಿನಾಲ್ಕೇ ತಿಂಗಳಲ್ಲಿ ಆ 225 ಕೋಟಿಯನ್ನು ಮೀರುತ್ತದೆ. ಈ ಬಾಕಿಯ ಸುದ್ದಿಯನ್ನು ಜಗತ್ತಿಗೆ ದೊಡ್ಡದಾಗಿ ಹೇಳಿದ್ದು 2021ರ ಡಿಸೆಂಬರ್‌ನಲ್ಲಿ, ಲಂಡನ್ನಿನ ಗಾರ್ಡಿಯನ್ ಪತ್ರಿಕೆ. ನಮ್ಮ ಚಾನೆಲ್ಲುಗಳ ರಾತ್ರಿ ಚರ್ಚೆಗೆ ಇದು ಬಂದದ್ದು ನನಗೆ ನೆನಪಿಲ್ಲ. ಈ ಹಣ ಹೋದಾಗ ಯಾವ ರಸ್ತೆಯೂ ಕಟ್ಟಲಿಲ್ಲ, ಚಿತ್ರಕ್ಕೆ ಏನೂ ಉರಿಯಲಿಲ್ಲ.

ವರದಿಗಾರರೆಲ್ಲ ಕಲ್ಲೆದೆಯವರು ಎಂದು ನಾನು ಹೇಳುತ್ತಿಲ್ಲ. ಪತ್ರಿಕೆಯ ಬೆಲೆಯಿಂದ ಅದರ ಮುದ್ರಣದ ಖರ್ಚೂ ಹುಟ್ಟುವುದಿಲ್ಲ; ಕೈ ಹಿಡಿಯುವುದು ಜಾಹೀರಾತು, ಜಾಹೀರಾತಿಗೆ ಬೇಕಾದವರು ಫ್ಲ್ಯಾಟು, ಕಾರು, ಒಡವೆ ಕೊಳ್ಳುವವರು. ಚಿನ್ನ ಬೆಳ್ಳಿಯ ಧಾರಣೆ ದಿನವೂ ಅಚ್ಚಾಗುತ್ತದೆ. ಕನಿಷ್ಠ ಕೂಲಿ ಎಷ್ಟೆಂದು ವರ್ಷಕ್ಕೊಮ್ಮೆಯಾದರೂ ಅದೇ ಜಾಗದಲ್ಲಿ ಅಚ್ಚಾದರೆ ಎಷ್ಟು ಜನ ಕತ್ತರಿಸಿ ಇಟ್ಟುಕೊಂಡಾರು! ದೊಡ್ಡ ಪತ್ರಿಕೆಗಳಲ್ಲಿ ಕಾರ್ಮಿಕ ವಿಷಯಕ್ಕೆಂದೇ ವರದಿಗಾರರು ಇಲ್ಲವಾಗಿದ್ದಾರೆ ಎಂದು ಪತ್ರಕರ್ತ ಪಿ. ಸಾಯಿನಾಥ್ ವರ್ಷಗಳಿಂದ ಹೇಳುತ್ತಲೇ ಬಂದಿದ್ದಾರೆ.

ಅಂದಹಾಗೆ, 2016ರಲ್ಲಿ ಆ ಹೆಣ್ಣುಮಕ್ಕಳಿಗೆ ಹೊಸ ನಿಯಮ ತಿಳಿದದ್ದು ಹೇಗೆ? ಕನ್ನಡ ಪತ್ರಿಕೆಯೊಂದರಲ್ಲಿ ಬಂದ ಸುದ್ದಿಯಿಂದ ಎಂದು ಆಗಿನ ವರದಿಗಳು ಹೇಳಿದವು. ಅಕ್ಕನನ್ನು ಕೇಳಿದೆ. "ಹೌದು ಸರ್, ಊಟದ ಬೆಲ್ ಹೊಡ್ದಾಗ ಯಾರೋ ಪೇಪರ್ ತಂದು ಜೋರಾಗಿ ಓದಿದ್ರು. ಫ್ಯಾಕ್ಟ್ರೀಲಿ ಯಾರೂ ಹೇಳಿರ್ಲಿಲ್ಲ." ಅವರ ದುಡ್ಡಿನ ಬಗ್ಗೆ, ಅವರ ಭಾಷೆಯಲ್ಲಿ, ಬಿಡಿಸಿ ಬರೆದ ಒಂದು ಸುದ್ದಿ. ಅದನ್ನು ಬರೆದವರು ಯಾರೋ, ಅವರಿಗೆ ನನ್ನ ನಮಸ್ಕಾರ.

ಪಿ.ಎಫ್. ಏನಾಯಿತು ಎಂದೆ. 2018ರಲ್ಲಿ ಆ ಕಾರ್ಖಾನೆ ಬಿಟ್ಟಾಗ ಪೂರ್ತಿ ತೆಗೆದರಂತೆ. ಮಗಳ ನರ್ಸಿಂಗ್ ಮೊದಲ ವರ್ಷದ ಫೀಸು ಅದರಲ್ಲೇ ಕಟ್ಟಿದ್ದು. ಆಮೇಲೆ ಬೇರೆ ಕಾರ್ಖಾನೆ, ಹೊಸ ಪಿ.ಎಫ್. ನಂಬರು. ಪತ್ರಿಕೆಯ ತುಣುಕನ್ನು ಮತ್ತೆ ಮಡಚಿ ಕವರಿಗೆ ಸೇರಿಸುತ್ತ, "ಬೆಳಿಗ್ಗೆ ಏಳಕ್ಕೆಲ್ಲ ವ್ಯಾನ್ ಬಂದ್ಬಿಡುತ್ತೆ, ಕಾಫಿ ಕುಡ್ಕೊಂಡು ಹೋಗಿ ಸರ್" ಎಂದು ಒಲೆ ಹಚ್ಚಲು ಎದ್ದರು.