ಲಿಫ್ಟಿನೊಳಗಿನ ಭದ್ರತಾ ಕ್ಯಾಮರಾ: ಕೇಬಲಿನ ಆಯ್ಕೆಯೇ ನಿರ್ಣಾಯಕ

ಬಹುಮಹಡಿ ಕಟ್ಟಡಗಳ ಪ್ರವೇಶದ್ವಾರ, ವಾಹನ ನಿಲುಗಡೆ ಸ್ಥಳ ಹಾಗೂ ಪಡಸಾಲೆಗಳಲ್ಲಿ ಭದ್ರತಾ ಕ್ಯಾಮರಾ ಅಳವಡಿಸುವುದು ಇಂದು ಸರ್ವೇಸಾಮಾನ್ಯ ಸಂಗತಿ. ಕ್ಯಾಮರಾವನ್ನು ಗೋಡೆಗೆ ಬಿಗಿದು, ಕೇಬಲನ್ನು ಕೊಳವೆಯೊಳಗೆ ಎಳೆದು, ಕಾವಲು ಕೊಠಡಿಯ ರೆಕಾರ್ಡರಿಗೆ ಜೋಡಿಸಿದರೆ ಕೆಲಸ ಮುಗಿಯಿತು. ಅದೇ ಕ್ಯಾಮರಾವನ್ನು ಲಿಫ್ಟಿನೊಳಗೆ ಕೂರಿಸಬೇಕಾದಾಗ ಮಾತ್ರ ಲೆಕ್ಕ ಬದಲಾಗುತ್ತದೆ. ಅಲ್ಲಿ ಕ್ಯಾಮರಾ ಹೊತ್ತ ಗೋಡೆಯೇ ದಿನಕ್ಕೆ ನೂರಾರು ಬಾರಿ ಮೇಲಕ್ಕೂ ಕೆಳಕ್ಕೂ ಚಲಿಸುತ್ತದೆ. ಅದರೊಡನೆ ಕೇಬಲೂ ಚಲಿಸಬೇಕು.

ವಸತಿ ಸಮುಚ್ಚಯಗಳು, ಹೋಟೆಲುಗಳು, ಆಸ್ಪತ್ರೆಗಳು ಹಾಗೂ ವಾಣಿಜ್ಯ ಸಂಕೀರ್ಣಗಳ ಮಾಲೀಕರು ಸಾಮಾನ್ಯವಾಗಿ ಕ್ಯಾಮರಾದ ಗುಣಮಟ್ಟ ಮತ್ತು ಬೆಲೆಯ ಬಗ್ಗೆ ವಿಚಾರಿಸುತ್ತಾರೆಯೇ ಹೊರತು ಕೇಬಲಿನ ಬಗ್ಗೆ ಕೇಳುವುದು ವಿರಳ. ಪರಿಣಾಮವಾಗಿ ಮೊದಲ ಕೆಲವು ತಿಂಗಳು ಸ್ಪಷ್ಟ ಚಿತ್ರ ನೀಡಿದ ಕ್ಯಾಮರಾ, ಅನಂತರ ಲಿಫ್ಟ್ ಒಂದು ನಿರ್ದಿಷ್ಟ ಮಹಡಿಯನ್ನು ದಾಟುವಾಗ ಮಾತ್ರ ಕಣ್ಣು ಮುಚ್ಚತೊಡಗುತ್ತದೆ. ಕ್ಯಾಮರಾ ಕೆಟ್ಟಿದೆಯೆಂದು ಅದನ್ನು ಬದಲಿಸಲಾಗುತ್ತದೆ. ದೋಷ ಹಾಗೆಯೇ ಉಳಿಯುತ್ತದೆ. ಕೇಬಲ್ ಬಾಗುವ ಜಾಗದಲ್ಲಿ ಒಳಗಿನ ತಾಮ್ರದ ಎಳೆ ತುಂಡಾಗಿರುವುದೇ ನಿಜವಾದ ಕಾರಣ. ಕಳವು, ಹಲ್ಲೆ ಅಥವಾ ಮಹಿಳೆಯರಿಗೆ ಕಿರುಕುಳದ ದೂರು ಬಂದ ದಿನ ದೃಶ್ಯ ಮುದ್ರಿಕೆಯನ್ನು ತೆರೆದರೆ ಬೇಕಾದ ಕ್ಷಣದಲ್ಲೇ ಪರದೆ ಖಾಲಿ. ಜನ ಸೇರುವ ಸಂಸ್ಥೆಗಳು ಕ್ಯಾಮರಾ ಅಳವಡಿಸಿ, ಮುದ್ರಿಕೆಯನ್ನು 30 ದಿನ ಕಾಪಾಡಬೇಕೆಂದು 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತಾ (ಕ್ರಮಗಳ) ಜಾರಿ ಅಧಿನಿಯಮವು ವಿಧಿಸಿರುವುದರಿಂದ, ಇದನ್ನು ಕೇವಲ ತಾಂತ್ರಿಕ ಅನಾನುಕೂಲವೆಂದು ತಳ್ಳಿಹಾಕುವಂತಿಲ್ಲ.

ಟ್ರಾವೆಲಿಂಗ್ ಕೇಬಲ್ ಎಂಬ ಹೊಕ್ಕುಳಬಳ್ಳಿ

ಲಿಫ್ಟಿನ ಕ್ಯಾಬಿನ್ನಿಗೆ ದೀಪ, ಫ್ಯಾನು, ಗುಂಡಿಫಲಕ, ಇಂಟರ್‌ಕಾಮ್ ಮೊದಲಾದವುಗಳ ಸಂಪರ್ಕವೆಲ್ಲ ಒದಗುವುದು ಟ್ರಾವೆಲಿಂಗ್ ಕೇಬಲಿನ ಮೂಲಕ. ಚಪ್ಪಟೆ ಪಟ್ಟಿಯಂತಿರುವ ಇದರ ಒಂದು ತುದಿ ಸಾಮಾನ್ಯವಾಗಿ ಲಿಫ್ಟ್ ಬಾವಿಯ ಮಧ್ಯಭಾಗದ ಗೋಡೆಗೂ ಇನ್ನೊಂದು ತುದಿ ಕ್ಯಾಬಿನ್ನಿನ ತಳಕ್ಕೂ ಬಿಗಿದಿದ್ದು, ನಡುವೆ ಅದು ಇಂಗ್ಲಿಷಿನ ‘ಯು’ ಅಕ್ಷರದಂತೆ ಜೋತಾಡುತ್ತದೆ. ಲಿಫ್ಟ್ ಚಲಿಸಿದಂತೆ ಬಾಗುವ ಸ್ಥಳವೂ ಸರಿಯುತ್ತ ಹೋಗುತ್ತದೆ. ಲಕ್ಷಾಂತರ ಬಾರಿ ಬಾಗಿದರೂ ಮುರಿಯದಿರಲೆಂದೇ ಇದರೊಳಗಿನ ಪ್ರತಿ ತಂತಿಯನ್ನೂ ಕೂದಲಿನಂಥ ಸಣ್ಣ ಎಳೆಗಳಿಂದ ಹೊಸೆದಿರುತ್ತಾರೆ.

ಮಾರುಕಟ್ಟೆಯಲ್ಲಿ ದೊರೆಯುವ ಸಾಮಾನ್ಯ ಆರ್‌ಜಿ-59 ಕೋಆಕ್ಸಿಯಲ್ ಕೇಬಲ್ ಅಥವಾ ಕಟ್ಟಡದ ಗೋಡೆಗಳಲ್ಲಿ ಎಳೆಯುವ ಕ್ಯಾಟ್-6 ಕೇಬಲಿನ ಸ್ವಭಾವ ಇದಕ್ಕೆ ವಿರುದ್ಧ. ಅವುಗಳ ನಡುತಂತಿ ಸಾಮಾನ್ಯವಾಗಿ ಒಂದೇ ಗಟ್ಟಿ ಎಳೆಯದು. ಒಮ್ಮೆ ಬಾಗಿಸಿ ಕೂರಿಸಲು ತಕ್ಕದ್ದು, ನಿತ್ಯ ಬಾಗಲು ತಕ್ಕದ್ದಲ್ಲ. ಆದರೂ ಕ್ಯಾಮರಾ ಅಳವಡಿಸುವ ಗುತ್ತಿಗೆದಾರರು ಇಂಥದೇ ಕೇಬಲನ್ನು ಟ್ರಾವೆಲಿಂಗ್ ಕೇಬಲಿಗೆ ಪ್ಲಾಸ್ಟಿಕ್ ಪಟ್ಟಿಗಳಿಂದ ಅಲ್ಲಲ್ಲಿ ಕಟ್ಟಿಬಿಡುವುದು ಸಾಮಾನ್ಯ. ಅಗ್ಗದ ಉಪಾಯ, ಆದರೆ ದುಬಾರಿ ತಪ್ಪು. ಎರಡು ಕೇಬಲುಗಳ ಬಿಗಿತ ಬೇರೆ ಬೇರೆಯಾದ ಕಾರಣ ಪಟ್ಟಿ ತಿರುಚಿಕೊಳ್ಳುತ್ತದೆ. ಹೊರಚಾಚಿದ ಕುಣಿಕೆ ಬಾವಿಯ ಬ್ರಾಕೆಟ್ಟಿಗೆ ಸಿಕ್ಕಿಕೊಂಡರೆ ಕ್ಯಾಮರಾದ ತಂತಿಯೊಡನೆ ಲಿಫ್ಟಿನ ನಿಯಂತ್ರಣದ ತಂತಿಗಳೂ ಹರಿಯಬಹುದು.

ಇದರಲ್ಲಿ ಕಾನೂನಿನ ಪ್ರಶ್ನೆಯೂ ಅಡಗಿದೆ. ರಾಜ್ಯದಲ್ಲಿ ಲಿಫ್ಟುಗಳು 2012ರ ಅಧಿನಿಯಮಕ್ಕೆ ಒಳಪಟ್ಟಿದ್ದು, ವಿದ್ಯುತ್ ಪರಿವೀಕ್ಷಣಾಲಯದ ತಪಾಸಣೆಗೆ ಬದ್ಧವಾಗಿವೆ. ಲಿಫ್ಟಿಗೆ ಸಂಬಂಧಿಸದ ತಂತಿ, ಕೊಳವೆಗಳು ಬಾವಿಯಲ್ಲಿ ಇರಕೂಡದೆಂಬುದು ಎಲ್ಲೆಡೆ ಮಾನ್ಯವಾಗಿರುವ ಸುರಕ್ಷತಾ ತತ್ತ್ವ. ಲಿಫ್ಟ್ ಕಂಪನಿಯ ತಂತ್ರಜ್ಞನ ಸಮ್ಮುಖವಿಲ್ಲದೆ ಕ್ಯಾಮರಾದವರನ್ನು ಕ್ಯಾಬಿನ್ನಿನ ಮೇಲೆ ಹತ್ತಿಸುವುದು ಜೀವಾಪಾಯಕ್ಕೆ ಆಹ್ವಾನ ನೀಡಿದಂತೆ. ವಾರ್ಷಿಕ ನಿರ್ವಹಣಾ ಒಪ್ಪಂದದ ಹೊಣೆಯಿಂದ ಕಂಪನಿ ನುಣುಚಿಕೊಳ್ಳಲೂ ಇದೇ ನೆಪವಾಗುತ್ತದೆ.

ಲಿಫ್ಟಿನ ಆದೇಶದಲ್ಲಿಯೇ ಕೇಬಲು

ಹೊಸ ಕಟ್ಟಡವಾದರೆ ಉತ್ತರ ಸರಳ. ಲಿಫ್ಟ್ ಖರೀದಿಯ ಆದೇಶಪತ್ರದಲ್ಲಿಯೇ, ಟ್ರಾವೆಲಿಂಗ್ ಕೇಬಲಿನೊಳಗೆ ಕ್ಯಾಮರಾಕ್ಕೆಂದು ಒಂದು ಕೋಆಕ್ಸಿಯಲ್ ಅಥವಾ ನೆಟ್‌ವರ್ಕಿಗೆ ತಕ್ಕ ನಾಲ್ಕು ಹೊಸೆದ ಜೋಡಿಗಳು ಅಡಕವಾಗಿರಬೇಕೆಂದು ಬರೆಯಿಸುವುದು. ಅಂಥ ಸಂಯುಕ್ತ ಕೇಬಲುಗಳು ದೊರೆಯುತ್ತವೆ. ಕಾರ್ಖಾನೆಯಲ್ಲಿ ಸೇರಿಸಿದರೆ ತಗಲುವ ಹೆಚ್ಚುವರಿ ವೆಚ್ಚವು, ಲಿಫ್ಟ್ ಓಡತೊಡಗಿದ ಮೇಲೆ ಇಡೀ ಕೇಬಲನ್ನು ಬದಲಿಸುವ ವೆಚ್ಚದ ಮುಂದೆ ಗಣನೆಗೆ ಬಾರದು. ‘ಬಿಡಿ ತಂತಿಗಳಿವೆ’ ಎಂಬ ಭರವಸೆಗೆ ಮಾತ್ರ ಮರುಳಾಗಬಾರದು. ಚಪ್ಪಟೆ ಕೇಬಲಿನ ಬಿಡಿ ತಂತಿಗಳು ಪರಸ್ಪರ ಹೊಸೆದಿರುವುದಿಲ್ಲ. ಪಕ್ಕದಲ್ಲೇ ಹರಿಯುವ ಮೋಟಾರು ನಿಯಂತ್ರಣದ ವಿದ್ಯುತ್ತಿನ ಗದ್ದಲವನ್ನೆಲ್ಲ ಅವು ಹೀರಿಕೊಳ್ಳುತ್ತವೆ.

ಅಂತರದ ಲೆಕ್ಕವನ್ನೂ ಮೊದಲೇ ಹಾಕಬೇಕು. 20 ಮಹಡಿಗಳ, 60 ಮೀಟರ್ ಎತ್ತರದ ಕಟ್ಟಡವೊಂದನ್ನು ಗಣಿಸಿದರೆ, ಟ್ರಾವೆಲಿಂಗ್ ಕೇಬಲು ಸುಮಾರು 35 ಮೀಟರ್, ಬಾವಿಯ ನಡುವಿನಿಂದ ಯಂತ್ರಕೊಠಡಿಗೆ 30 ಮೀಟರ್, ಎರಡೂ ತುದಿಗಳಲ್ಲಿ ತಲಾ 5 ಮೀಟರ್: ಒಟ್ಟು 75 ಮೀಟರ್. ಅಲ್ಲಿಂದ ನೆಲಮಹಡಿಯ ಕಾವಲು ಕೊಠಡಿಗೆ ಇಳಿಯಲು ಮತ್ತೆ 80 ಮೀಟರ್. ನೆಟ್‌ವರ್ಕ್ ಕೇಬಲಿನ ಮಿತಿ 100 ಮೀಟರ್ ಆದ್ದರಿಂದ ಯಂತ್ರಕೊಠಡಿಯಲ್ಲಿ ಒಂದು ಸ್ವಿಚ್ ಅನಿವಾರ್ಯ. ಸಣ್ಣ ಎಳೆಗಳ ಬಾಗುವ ಕೇಬಲಿನಲ್ಲಿ ಸಂಕೇತವು ಹೆಚ್ಚು ಕ್ಷೀಣಿಸುವುದರಿಂದ ಆ 75 ಮೀಟರ್ ಸಹ ನಿಶ್ಚಿಂತೆಯ ಅಂತರವಲ್ಲ. ಯಂತ್ರಕೊಠಡಿಯಿಲ್ಲದ ಲಿಫ್ಟುಗಳಲ್ಲಿ ಸ್ವಿಚ್ಚನ್ನು ಮೇಲಂತಸ್ತಿನ ವಿದ್ಯುತ್ ಕಪಾಟಿನಲ್ಲಿ ಇರಿಸಬೇಕೇ ವಿನಾ ಬಾವಿಯೊಳಗಲ್ಲ. ಕಟ್ಟಡ ಇನ್ನೂ ಎತ್ತರವಾದರೆ ಆಪ್ಟಿಕಲ್ ಫೈಬರ್ ಅಡಕವಾದ ಟ್ರಾವೆಲಿಂಗ್ ಕೇಬಲನ್ನು ಪರಿಗಣಿಸುವುದು ಯುಕ್ತ.

ಹಳೆಯ ಕಟ್ಟಡಗಳಿಗೆ ದಾರಿ

ಈಗಾಗಲೇ ಓಡುತ್ತಿರುವ ಲಿಫ್ಟಿನಲ್ಲಿ ಕೋಆಕ್ಸಿಯಲ್ ಇದ್ದರೆ ಅದನ್ನು ಕಿತ್ತೊಗೆಯಬೇಕಾಗಿಲ್ಲ. 2010ರ ದಶಕದಲ್ಲಿ ಬಳಕೆಗೆ ಬಂದ ಎಚ್‌ಡಿ ಅನಲಾಗ್ ಕ್ಯಾಮರಾಗಳು ಅದೇ ಕೇಬಲಿನಲ್ಲಿ ಹೆಚ್ಚು ಸ್ಪಷ್ಟ ಚಿತ್ರವನ್ನು ಕಳುಹಿಸುತ್ತವೆ. ಇಂಟರ್‌ಕಾಮಿಗೆಂದು ಹಾಕಿದ ಹೊಸೆದ ಜೋಡಿಯೊಂದು ಬಿಡಿಯಾಗಿದ್ದರೆ, ಎರಡೇ ತಂತಿಗಳ ಮೇಲೆ ನೆಟ್‌ವರ್ಕ್ ಸಾಗಿಸುವ ಎಕ್ಸ್‌ಟೆಂಡರುಗಳಿವೆ. 2 ಮೆಗಾಪಿಕ್ಸೆಲ್ ಕ್ಯಾಮರಾಕ್ಕೆ ಸೆಕೆಂಡಿಗೆ ಸುಮಾರು 4 ಮೆಗಾಬಿಟ್ ಸಾಕಾಗುವುದರಿಂದ ವೇಗ ತಗ್ಗಿದರೂ ಕೆಲಸ ನಡೆಯುತ್ತದೆ.

ಎರಡೂ ಇಲ್ಲದಿದ್ದಲ್ಲಿ ನಿಸ್ತಂತು ಸೇತು. ಬಾವಿಯ ತುದಿಯಲ್ಲೊಂದು, ಕ್ಯಾಬಿನ್ನಿನ ನೆತ್ತಿಯ ಮೇಲೊಂದು 5 ಗಿಗಾಹರ್ಟ್ಸ್ ಉಪಕರಣ ಎದುರುಬದುರಾಗಿ ನಿಲ್ಲುತ್ತವೆ. ಈ ತರಂಗಪಟ್ಟಿಯ ಬಹುಭಾಗವನ್ನು ಭಾರತದಲ್ಲಿ 2018ರಲ್ಲಿ ಪರವಾನಗಿಯಿಂದ ಮುಕ್ತಗೊಳಿಸಲಾಯಿತು. ಬಾಗುವ ಕೇಬಲಿನ ಚಿಂತೆ ಇಲ್ಲವಾಗುತ್ತದೆಂಬುದು ಇದರ ಆಕರ್ಷಣೆ. ಆದರೆ ಒಂದೇ ಬಾವಿಯಲ್ಲಿ ಎರಡು ಮೂರು ಲಿಫ್ಟುಗಳಿದ್ದರೆ ಪ್ರತಿಯೊಂದಕ್ಕೂ ಬೇರೆ ಚಾನೆಲ್ ಗೊತ್ತುಪಡಿಸದೆ ಹೋದಲ್ಲಿ ಚಿತ್ರಗಳು ತೊದಲುತ್ತವೆ. ಕ್ಯಾಮರಾಕ್ಕೆ ವಿದ್ಯುತ್ತು ಕ್ಯಾಬಿನ್ನಿನಲ್ಲೇ ದೊರೆಯಬೇಕೆಂಬುದನ್ನೂ ಮರೆಯುವಂತಿಲ್ಲ.

ಈ ವಿದ್ಯುತ್ತಿನ ವಿಚಾರ ಬಹುತೇಕ ದರಪಟ್ಟಿಗಳಲ್ಲಿ ಕಾಣುವುದೇ ಇಲ್ಲ. ಯಂತ್ರಕೊಠಡಿಯಿಂದ 12 ವೋಲ್ಟನ್ನು 0.75 ಚದರ ಮಿಲಿಮೀಟರ್ ತಂತಿಯಲ್ಲಿ 70 ಮೀಟರ್ ಕಳುಹಿಸಿದರೆ, ಅರ್ಧ ಆಂಪಿಯರ್ ಎಳೆಯುವ ಕ್ಯಾಮರಾ ತಲಪುವಷ್ಟರಲ್ಲಿ ಸುಮಾರು 1.8 ವೋಲ್ಟ್ ಸೋರಿರುತ್ತದೆ. ರಾತ್ರಿ ಇನ್‌ಫ್ರಾರೆಡ್ ದೀಪಗಳು ಹೊತ್ತಿಕೊಂಡಾಗ ಕ್ಯಾಮರಾ ನಿಂತುಹೋಗುವ ರಹಸ್ಯ ಹಲವು ಕಡೆ ಇದೇ. ಕ್ಯಾಬಿನ್ನಿನ ದೀಪದ ಸಂಪರ್ಕದಿಂದ ಪಡೆದರೆ ಈ ಸೋರಿಕೆ ಇಲ್ಲ. ಆದರೆ ವಿದ್ಯುತ್ ಕಡಿತವಾದೊಡನೆ ಕ್ಯಾಮರಾವೂ ಆರುತ್ತದೆ. ಕತ್ತಲಲ್ಲಿ ಲಿಫ್ಟ್ ಸಿಕ್ಕಿಕೊಂಡಾಗಲೇ ಒಳಗೆ ಯಾರಿದ್ದಾರೆ, ವೃದ್ಧರೇ, ಮಕ್ಕಳೇ, ಯಾರಾದರೂ ಕುಸಿದಿದ್ದಾರೆಯೇ ಎಂದು ಕಾವಲುಗಾರನಿಗೆ ಕಾಣಬೇಕಾದದ್ದು. ನೆಟ್‌ವರ್ಕ್ ಕೇಬಲಿನಲ್ಲೇ 48 ವೋಲ್ಟ್ ಕಳುಹಿಸುವ ಪಿಒಇ ಸ್ವಿಚ್ಚನ್ನೂ ಕಾವಲು ಕೊಠಡಿಯ ರೆಕಾರ್ಡರನ್ನೂ ಯುಪಿಎಸ್‌ಗೆ ಜೋಡಿಸಿದರೆ ಎರಡೂ ಸಮಸ್ಯೆ ಒಮ್ಮೆಗೇ ನೀಗುತ್ತವೆ. ಹೊಸ ಕಟ್ಟಡಗಳಲ್ಲಿ ಕೋಆಕ್ಸಿಯಲಿಗಿಂತ ಹೊಸೆದ ಜೋಡಿಗಳ ಕೇಬಲೇ ಮೇಲೆನ್ನಲು ಈ ಒಂದು ಕಾರಣವೇ ಸಾಕು.

ಗುತ್ತಿಗೆದಾರರ ಅಂತಿಮ ಬಿಲ್ಲಿಗೆ ಸಹಿ ಹಾಕುವ ಮುನ್ನ ಎರಡು ಪರೀಕ್ಷೆಗಳನ್ನು ಮಾಲೀಕರೇ ನಡೆಸಬಹುದು. ಒಬ್ಬರು ಕಾವಲು ಕೊಠಡಿಯಲ್ಲಿ ಪರದೆಯ ಮುಂದೆ ಕುಳಿತಿರಲು, ಲಿಫ್ಟನ್ನು ತಳದಿಂದ ತುದಿಯವರೆಗೆ ಕನಿಷ್ಠ ಹತ್ತು ಬಾರಿ ಓಡಿಸುವುದು. ಯಾವ ಮಹಡಿಯಲ್ಲಿಯೂ ಚಿತ್ರ ಅದುರಬಾರದು, ಅಡ್ಡಗೆರೆಗಳು ಮೂಡಬಾರದು. ಬಳಿಕ ಲಿಫ್ಟ್ ತಂತ್ರಜ್ಞನ ಸಮ್ಮುಖದಲ್ಲಿ, ಒಳಗೆ ಪ್ರಯಾಣಿಕರಿಲ್ಲದಾಗ, ಮುಖ್ಯ ವಿದ್ಯುತ್ತನ್ನು ಕಡಿದು ಕತ್ತಲಾದ ಕ್ಯಾಬಿನ್ ಪರದೆಯ ಮೇಲೆ ಕಾಣುತ್ತದೆಯೇ ಎಂದು ನೋಡುವುದು. ಇವೆರಡರ ಫಲಿತಾಂಶವನ್ನೂ ದಿನಾಂಕದೊಡನೆ ನಿರ್ವಹಣಾ ಕಡತದಲ್ಲಿ ಬರೆದಿಟ್ಟು, ಪ್ರತಿ ಆರು ತಿಂಗಳಿಗೊಮ್ಮೆ ಪುನರಾವರ್ತಿಸುವಂತೆ ಕರಾರಿನಲ್ಲಿ ಸೇರಿಸಬಹುದು.