ಕಡುಹಸಿರು ಜೇಡ್: ದರಕ್ಕೆ ಮುನ್ನ ಗುರುತು

ಭೂತನಾಳ ಕೆರೆಯಿಂದ ಗೋಳಗುಮ್ಮಟದವರೆಗೆ ವಿಜಯಪುರದ ನೆಲವೆಲ್ಲ ದಖ್ಖನ್ನಿನ ಕರಿಕಲ್ಲು. ಲಾವಾರಸ ಆರಿ ಗಟ್ಟಿಯಾದ ಈ ಶಿಲೆ ಜೇಡ್‌ನ ತವರಲ್ಲ. ಇಲ್ಲಿನ ಆಭರಣದಂಗಡಿಗಳಿಗೆ ಆ ಹೆಸರಿನಲ್ಲಿ ಬರುವ ಕಡುಹಸಿರು ಕಲ್ಲು ಹೊರಗಿನ ಸರಕು. ಸರಬರಾಜುದಾರನ ಬಿಲ್ಲಿನಲ್ಲಿರುವ ಹೆಸರನ್ನಷ್ಟೇ ನಂಬಿ ದರ ಕಟ್ಟುವ ವರ್ತಕ ನಷ್ಟಕ್ಕೆ ಗುರಿಯಾಗಬಹುದು.

ಜೇಡ್ ಎಂಬ ಒಂದೇ ಹೆಸರಿನಡಿ ಜೇಡೈಟ್ ಮತ್ತು ನೆಫ್ರೈಟ್ ಎಂಬ ಎರಡು ಖನಿಜಗಳಿವೆಯೆಂದು ಫ್ರಾನ್ಸಿನ ಅಲೆಕ್ಸಿ ಡಮೂರ್ 1863ರಲ್ಲಿ ತೋರಿಸಿಕೊಟ್ಟನು. ಮಾರುಕಟ್ಟೆಯಲ್ಲಿ 'ಇಂಡಿಯನ್ ಜೇಡ್' ಎನಿಸಿಕೊಳ್ಳುವ ಅವೆಂಚುರಿನ್ ಇವೆರಡೂ ಅಲ್ಲ; ಅದು ಕ್ರೋಮಿಯಂಯುಕ್ತ ಅಭ್ರಕದಿಂದ ಹಸಿರಾದ ಬೆಣಚುಕಲ್ಲು. ಚಿತ್ರದುರ್ಗ ಜಿಲ್ಲೆಯ ಘಟ್ಟಿಹೊಸಹಳ್ಳಿಯ ಹಸಿರು ಶಿಲೆಗೂ ಬಣ್ಣ ಬಂದಿರುವುದು ಇದೇ ಅಭ್ರಕದಿಂದ.

ಬಿಡಿ ಕಲ್ಲಾದರೆ ಮೊದಲ ಪರೀಕ್ಷೆಗೆ ತಕ್ಕಡಿ ಸಾಕು. 30 ಗ್ರಾಂ ತೂಕದ ಕಲ್ಲನ್ನು ನೀರಿನಲ್ಲಿ ಮುಳುಗಿಸಿ ತೂಗಿದಾಗ ಜೇಡೈಟ್ ಸುಮಾರು 9 ಗ್ರಾಂ, ನೆಫ್ರೈಟ್ 10 ಗ್ರಾಂ, ಅವೆಂಚುರಿನ್ 11 ಗ್ರಾಂಗೂ ಮಿಕ್ಕಿ ತೂಕ ಕಳೆದುಕೊಳ್ಳುತ್ತವೆ. ಅನುಮಾನ ಉಳಿದರೆ ರತ್ನಪರೀಕ್ಷಾ ಪ್ರಯೋಗಾಲಯದ ಪ್ರಮಾಣಪತ್ರ ಪಡೆಯುವುದು ಲೇಸು.

ಗುರುತಾದ ಮೇಲೆ ಗುಣಮಟ್ಟದ ವಿಚಾರ. ಬಣ್ಣ ಕಡುವಾದಷ್ಟೂ ಬೆಲೆ ಹೆಚ್ಚೆಂಬುದು ತಪ್ಪು ಕಲ್ಪನೆ. ಬೆಳಕಿಗೆ ಹಿಡಿದಾಗ ಮಾತ್ರ ಹಸಿರಾಗಿ, ಉಳಿದಂತೆ ಕಪ್ಪಾಗಿ ಕಾಣುವ ಜೇಡೈಟ್‌ಗೆ ಬೇಡಿಕೆ ಕಡಿಮೆ. ಅಚ್ಚಹಸಿರು ಸಮನಾಗಿ ಹರಡಿ, ಬೆಳಕು ಒಳಹಾಯ್ದು, ಕಣ ನುಣುಪಾಗಿರುವ ಕಲ್ಲೇ ಶ್ರೇಷ್ಠ. ಕಡುಹಸಿರು ನೆಫ್ರೈಟ್‌ನಲ್ಲಿ ಕಪ್ಪು ಚುಕ್ಕೆ, ಬಿರುಕುಗಳು ಬೆಲೆಯನ್ನು ತಗ್ಗಿಸುತ್ತವೆ.

ಜೇಡೈಟ್‌ನಲ್ಲಿ ಸಂಸ್ಕರಣೆಯನ್ನೂ ವಿಚಾರಿಸಬೇಕು. ಮೇಣದ ಹೊಳಪಿನ ಹೊರತು ಬೇರೆ ಸಂಸ್ಕರಣೆಯಿಲ್ಲದ್ದು 'ಎ' ದರ್ಜೆ. ಆಮ್ಲದಲ್ಲಿ ತೊಳೆದು ರಾಳ ತುಂಬಿದ್ದು 'ಬಿ'. ಬಣ್ಣ ಹಾಕಿದ್ದು 'ಸಿ'. ನೋಟಕ್ಕೆ ಒಂದೇ ಆದರೂ ಬೆಲೆಯಲ್ಲಿ ಅಜಗಜಾಂತರ.

ಲೆಕ್ಕಪತ್ರದ ದೃಷ್ಟಿಯಿಂದಲೂ ಈ ಎಚ್ಚರ ಅಗತ್ಯ. ಲೆಕ್ಕಪತ್ರ ಮಾನದಂಡ 2ರ ಪ್ರಕಾರ ದಾಸ್ತಾನನ್ನು ವೆಚ್ಚ ಅಥವಾ ನಿವ್ವಳ ಮಾರಾಟ ಮೌಲ್ಯ, ಇವೆರಡರಲ್ಲಿ ಕಡಿಮೆಯಾದುದಕ್ಕೆ ತೋರಿಸಬೇಕು. ಜೇಡ್ ದರದಲ್ಲಿ ಕೊಂಡ ಬೆಣಚುಕಲ್ಲು ಬೆಣಚುಕಲ್ಲಿನ ದರಕ್ಕೇ ಮಾರಾಟವಾಗುವಂತಿದ್ದರೆ ವ್ಯತ್ಯಾಸ ಆ ವರ್ಷದ ನಷ್ಟ. ಅದನ್ನೇ ಜೇಡ್ ಎಂದು ಮಾರಿದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಅನುಚಿತ ವ್ಯಾಪಾರ ಪದ್ಧತಿಯ ದೂರಿಗೆ ಉತ್ತರಿಸಬೇಕಾದೀತು. ಆಭರಣದ ಮೇಲಿನ ಹಾಲ್‌ಮಾರ್ಕ್ ಲೋಹದ ಶುದ್ಧತೆಯನ್ನು ಹೇಳುತ್ತದೆಯೇ ಹೊರತು ಕಲ್ಲಿನದನ್ನಲ್ಲ. ಆದ್ದರಿಂದ ಖರೀದಿ ಮತ್ತು ಮಾರಾಟದ ಬಿಲ್ಲುಗಳೆರಡರಲ್ಲೂ ಖನಿಜದ ಹೆಸರು, ತೂಕ, ಸಂಸ್ಕರಣೆಯ ವಿವರಗಳನ್ನು ನಮೂದಿಸುವುದು ವರ್ತಕರಿಗೂ ಗ್ರಾಹಕರಿಗೂ ಕ್ಷೇಮ.